ಜೋಲುಗಿವಿಯ ಇಂಗ್ಲಿಷ್ ಮೊಲವೂ ಅದರ ಪೋಷಣಾಕ್ರಮವೂ

ನಮ್ಮ ಹೊಲದ ಬದುಗಳಲ್ಲಿ ಸಂಜೆಯ ಹೊತ್ತು ಕಾಣಸಿಗುವ ಮೊಲವೂ ಪೇಟೆಯಲ್ಲಿ ಪಂಜರದಲ್ಲಿಟ್ಟು ಮಾರುವ ಸಾಕುಮೊಲವೂ ಒಂದೇ ಪ್ರಾಣಿಯೆಂಬ ಭಾವನೆಯು ಗ್ರಾಮಾಂತರಗಳಲ್ಲಿ ಬಲವಾಗಿ ನೆಲೆಸಿದೆ. ಇದು ಸರಿಯಲ್ಲ. ನಮ್ಮ ಕಾಡುಮೊಲವು ಬಿಲ ತೋಡದೆ ಹುಲ್ಲಿನ ಮರೆಯಲ್ಲಿ ಮಲಗುವುದು. ಅದರ ಮರಿಗಳು ಮೈತುಂಬ ಕೂದಲಿನೊಡನೆ, ಕಣ್ಣು ತೆರೆದೇ ಹುಟ್ಟುವುವು. ಸಾಕುಮೊಲವು ಯೂರೋಪಿನ ಬಿಲವಾಸಿ ಮೊಲದ ಸಂತತಿ. ಅದರ ಮರಿಗಳಿಗೆ ಹುಟ್ಟುವಾಗ ಕೂದಲೂ ಇಲ್ಲ, ಕಣ್ಣೂ ತೆರೆದಿರುವುದಿಲ್ಲ. ಎರಡಕ್ಕೂ ಕೂಡಿಕೆಯಾಗಿ ಸಂತಾನವಾಗದು. ಕೊಯ್ಲಿನ ಕಾಲದಲ್ಲಿ ಆಳುಗಳು ಹಿಡಿದು ತರುವ ಕಾಡುಮೊಲದ ಮರಿಯನ್ನು ಮಕ್ಕಳ ಆಟಕ್ಕೆಂದು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧವೆಂಬುದನ್ನು ಗ್ರಾಮದ ಯಜಮಾನರು ಜನರಿಗೆ ತಿಳಿಯಹೇಳತಕ್ಕದ್ದು. ಮುಂದೆ ಹೇಳುವುದೆಲ್ಲ ಸಾಕುಮೊಲಕ್ಕೆ, ಅದರಲ್ಲಿಯೂ ಕಿವಿ ನೆಲಕ್ಕೆ ಜೋಲುವ ಇಂಗ್ಲಿಷ್ ಲಾಪ್ ಎಂಬ ತಳಿಗೆ ಸಂಬಂಧಿಸಿದ್ದು.

ಈ ತಳಿಯು ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ರೂಪುಗೊಂಡಿತು. ಮಾಂಸಕ್ಕಾಗಲಿ ಉಣ್ಣೆಗಾಗಲಿ ಅಲ್ಲದೆ ಕೇವಲ ನೋಟಕ್ಕಾಗಿ ಬೆಳೆಸಿದ ಮೊಲಗಳಲ್ಲಿ ಇದು ಬಹಳ ಹಳೆಯದು. ಒಂದು ಕಿವಿಯ ತುದಿಯಿಂದ ತಲೆಯ ಮೇಲಾಗಿ ಇನ್ನೊಂದು ಕಿವಿಯ ತುದಿಯವರೆಗೆ ಅಳೆದು, ಅಳತೆ ಹೆಚ್ಚಾದ ಮೊಲಕ್ಕೆ ಬಹುಮಾನ ಕೊಡುವುದು ಅಲ್ಲಿನ ಪ್ರದರ್ಶನಗಳ ಪದ್ಧತಿ. ಚಾರ್ಲ್ಸ್ ಡಾರ್ವಿನ್ ಪಂಡಿತರು 1868ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರದರ್ಶನಕ್ಕೆ ಬಂದ ಇಂತಹ ಒಂದು ಮೊಲದ ಅಳತೆಯನ್ನು 22 ಅಂಗುಲವೆಂದು ಬರೆದು, ಕಾಡಿನ ಮೊಲದಲ್ಲಿ ಅದೇ ಅಳತೆಯು 8 ಅಂಗುಲವನ್ನೂ ಮುಟ್ಟದೆಂದು ತೋರಿಸಿದ್ದಾರೆ. ಅಮೆರಿಕದ ವಿಚಿಟಾ ನಗರದ ಪ್ರದರ್ಶನದಲ್ಲಿ 2003ರ ನವೆಂಬರ್ 1ರಂದು ಅಳೆದ ಒಂದು ಮೊಲದ ಕಿವಿಗಳು 31 ಅಂಗುಲಕ್ಕೂ ಸ್ವಲ್ಪ ಮಿಕ್ಕಿದ್ದವು. ಬೆಳೆದ ಹೆಣ್ಣುಮೊಲವು 10 ಪೌಂಡಿಗೂ ಮೇಲ್ಪಟ್ಟು ತೂಗುವುದು. ಸ್ವಭಾವವು ಬಹಳ ಸಾಧು. ಹಾಲೆಂಡಿನಲ್ಲಿ 1949ರಿಂದ ಪ್ರಯತ್ನಪಟ್ಟು ರೂಪಿಸಿ, 1964ರಲ್ಲಿ ಅಲ್ಲಿ ಮಾನ್ಯತೆ ಪಡೆದ ಗಿಡ್ಡ ಜೋಲುಗಿವಿಯ ಮೊಲದಲ್ಲಿಯೂ ಇದರ ರಕ್ತವು ಬೆರೆತಿದೆ.

ಆದರೆ ಈ ಕಿವಿಯ ಅಂದಕ್ಕೆ ಪ್ರಾಣಿಯು ತೆರಬೇಕಾದ ಬೆಲೆ ಕಡಿಮೆಯೇನಲ್ಲ. ಕಿವಿ ಜೋತುಬಿದ್ದಾಗ ತಲೆಬುರುಡೆಯಲ್ಲಿ ಕಿವಿಯ ರಂಧ್ರದ ಆಕಾರವೇ ಮಾರ್ಪಡುವುದನ್ನು ಡಾರ್ವಿನ್ನರು ಆಗಲೇ ಗಮನಿಸಿದ್ದರು. ಕಿವಿಯ ನಾಳವು ಮಡಿಚಿಕೊಂಡು ಇಕ್ಕಟ್ಟಾಗುವುದರಿಂದ ಗುಗ್ಗೆಯು ಹೊರಬರದೆ ಒಳಗೇ ಕಟ್ಟಿಕೊಳ್ಳುವುದು. ಬ್ರಿಟನ್ನಿನಲ್ಲಿ 2019ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ನಿಮಿರುಗಿವಿಯ ಮೊಲಗಳಿಗಿಂತ ಜೋಲುಗಿವಿಯವುಗಳಲ್ಲಿ ಕಿವಿಯ ನೋವೂ ಹಲ್ಲಿನ ದೋಷಗಳೂ ಹೆಚ್ಚೆಂದು ಕಂಡುಬಂದಿತು. ಬಹುಮಾನಕ್ಕಾಗಿ ಅಂಗುಲದ ಮೇಲೆ ಅಂಗುಲ ಬೆಳೆಸುವ ಈ ಷೋಕಿಯನ್ನು ನಾನು ಮೆಚ್ಚಲಾರೆ. ಆದಾಗ್ಯೂ ಮೊಲವು ಮನೆಗೆ ಬಂದ ಮೇಲೆ ಅದರ ಪೋಷಣೆಯು ಯಜಮಾನನ ಹೊಣೆಯೇ ಸರಿ.

ನಮ್ಮ ಸೀಮೆಯಲ್ಲಿ ಇದರ ಮೊದಲ ಶತ್ರುವು ಬಿಸಿಲು. ಮೊಲವು ದನದಂತೆ ಮೈ ಬೆವರಲಾರದು. ದೇಹದ ಕಾವನ್ನು ಕಳೆದುಕೊಳ್ಳಲು ಅದಕ್ಕೆ ಕಿವಿಯ ರಕ್ತನಾಳಗಳೇ ಮುಖ್ಯ ಸಾಧನ. ಇಷ್ಟು ದೊಡ್ಡ ಕಿವಿಯುಳ್ಳ ಪ್ರಾಣಿಗೆ ಸೆಖೆಯ ಭಯವಿಲ್ಲವೆಂದು ಕೆಲವರು ವಾದಿಸುವರು. ಸುತ್ತಲಿನ ಗಾಳಿಯು ಮೈಯಷ್ಟೇ ಕಾದಿರುವಾಗ ಕಿವಿ ಎಷ್ಟು ಉದ್ದವಿದ್ದರೇನು? ಸುಮಾರು 60ರಿಂದ 70 ಡಿಗ್ರಿ ಫಾರನ್‌ಹೀಟ್ ಶಾಖವು ಇದಕ್ಕೆ ಹಿತಕರ. 85 ಡಿಗ್ರಿ ದಾಟಿದರೆ ಅಪಾಯ. ರಾಯಚೂರು, ಕಲಬುರಗಿ ಕಡೆಗಳಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಶಾಖವು 100 ಡಿಗ್ರಿಯನ್ನು ಮೀರುವುದು ಸಾಮಾನ್ಯ. ಅಂತಹ ಕಡೆ ತಗಡಿನ ಮಾಡಿನ ಕೆಳಗೆ ಮೊಲವನ್ನಿಡುವುದೆಂದರೆ ಅದನ್ನು ಕೊಂದಂತೆಯೇ. ಮಣ್ಣಿನ ಗೋಡೆಯ, ಹೆಂಚಿನ ಅಥವಾ ಸೋಗೆಯ ಮಾಡಿನ ಕೋಣೆಯು ಉತ್ತಮ. ಮಧ್ಯಾಹ್ನ ಗವಾಕ್ಷಿಗೆ ಒದ್ದೆಮಾಡಿದ ಗೋಣಿತಟ್ಟನ್ನು ಇಳಿಬಿಟ್ಟು, ತಣ್ಣೀರು ತುಂಬಿ ಬಾಯಿ ಮುಚ್ಚಿದ ಮಣ್ಣಿನ ಹೂಜಿಯನ್ನು ಒಳಗಿಟ್ಟರೆ ಮೊಲವು ಅದಕ್ಕೆ ಒರಗಿ ಮಲಗುವುದು. ಬಾಯಿ ತೆರೆದು ಏದುವುದು, ಜೊಲ್ಲು ಸುರಿಸುವುದು, ಕರೆದರೂ ಏಳದಿರುವುದು, ಇವು ಕಾವೇರಿದ ಲಕ್ಷಣಗಳು. ಕೂಡಲೇ ನೆರಳಿಗೆ ಒಯ್ದು, ತಂಪಾದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಕಿವಿಗಳನ್ನು ಮೆಲ್ಲಗೆ ಒರಸಿ ವೈದ್ಯರನ್ನು ಕರೆಯಿಸತಕ್ಕದ್ದು. ಗಾಬರಿಯಿಂದ ಇಡೀ ಪ್ರಾಣಿಯನ್ನು ಬಾವಿಯ ನೀರಿನಲ್ಲಿ ಮುಳುಗಿಸಕೂಡದು. ಆ ಆಘಾತದಿಂದಲೇ ಅದು ಸಾಯಬಹುದು.

ವಸತಿಗೆ, ಎರಡು ಮೊಲಗಳಿಗೆ 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಎತ್ತರದ ಜಾಗವಾದರೂ ಬೇಕೆಂದು ಇಂಗ್ಲೆಂಡಿನ ಮೊಲಗಳ ಹಿತಚಿಂತಕರು ಹೇಳುವರು. ಸ್ಥಳದ ಅಭಾವವಿಲ್ಲದ ನಮ್ಮ ರೈತರಿಗೆ ಇದು ಕಷ್ಟವಲ್ಲ. ತಂತಿಜಾಲದ ನೆಲವು ಬೇಡ. ಭಾರವಾದ ಈ ಮೊಲದ ಹಿಂಗಾಲಿನಲ್ಲಿ ಹುಣ್ಣಾಗುವುದು. ನೆಲಕ್ಕೆ ಒಣಹುಲ್ಲನ್ನು ದಪ್ಪವಾಗಿ ಹರಡಿ, ತೇವವಾದಂತೆಲ್ಲ ಬದಲಾಯಿಸತಕ್ಕದ್ದು. ನಾಯಿ, ಬೆಕ್ಕು, ಮುಂಗುಸಿ, ಹಾವು ನುಸುಳದಂತೆ ಸಂದುಗಳನ್ನು ಮುಚ್ಚಬೇಕು. ಈ ತಳಿಯು ನಡೆಯುವಾಗ ತನ್ನ ಕಿವಿಯನ್ನು ತಾನೇ ತುಳಿಯುವುದುಂಟು. ಉಗುರು ಬೆಳೆದಿದ್ದರೆ ಕಿವಿ ಹರಿಯುವುದು. ಆದಕಾರಣ ತಿಂಗಳಿಗೊಮ್ಮೆ ಉಗುರುಗಳನ್ನು ನೋಡಿ, ಒಳಗಿನ ಕೆಂಪು ರಕ್ತನಾಳಕ್ಕೆ ತಾಗದಂತೆ ತುದಿಯನ್ನು ಮಾತ್ರ ಕತ್ತರಿಸಬೇಕು. ನೀರಿನ ಪಾತ್ರೆಯು ಭಾರವಾಗಿ ಬಾಯಿ ಕಿರಿದಾಗಿರಲಿ. ಅಗಲ ಬಾಯಿಯದಾದರೆ ಕಿವಿಗಳು ನೀರಿನಲ್ಲಿ ತೋಯ್ದು ಹುಣ್ಣಾಗುವುವು.

ಆಹಾರದ ವಿಷಯದಲ್ಲಿ ನಮ್ಮವರ ಅಕ್ಕರೆಯೇ ಮೊಲಕ್ಕೆ ಮೃತ್ಯು. ಅನ್ನ, ರೊಟ್ಟಿ, ಬೆಲ್ಲ, ಬಿಸ್ಕತ್ತುಗಳನ್ನು ಕೊಡಕೂಡದು. ಮೊಲದ ಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುವುವು. ಒರಟು ಹುಲ್ಲನ್ನು ಸದಾ ಅಗಿಯುತ್ತಿದ್ದರೆ ಮಾತ್ರ ಅವು ಸವೆಯುವುವು. ತಿಂದುದರಲ್ಲಿ ಐದಕ್ಕೆ ನಾಲ್ಕು ಪಾಲು ಹುಲ್ಲೇ ಆಗಿರಬೇಕು. ಗರಿಕೆಯು ಎಲ್ಲೆಲ್ಲಿಯೂ ದೊರೆಯುವುದು, ಬಹಳ ಒಳ್ಳೆಯದು; ಔಷಧ ಸಿಂಪಡಿಸಿದ ಬದುವಿನಿಂದ ಮಾತ್ರ ಕೊಯ್ಯಬಾರದು. ಕುದುರೆಮಸಾಲೆ ಸೊಪ್ಪು ಬೆಳೆಯುವ ಮರಿಗಳಿಗೆ ಆಗಬಹುದು. ಬೆಳೆದವುಗಳಿಗೆ ದಿನವೂ ಹಾಕಿದರೆ ಅದರ ಸುಣ್ಣದ ಅಂಶದಿಂದ ಮೂತ್ರದಲ್ಲಿ ಮಡ್ಡಿ ಕಟ್ಟುವುದು. ರಾತ್ರಿ ತಾನು ಹಾಕಿದ ಮೆತ್ತನೆಯ ಹಿಕ್ಕೆಯನ್ನು ಮೊಲವು ತಾನೇ ತಿನ್ನುವುದನ್ನು ಕಂಡು ಅಸಹ್ಯಪಡಬೇಕಾಗಿಲ್ಲ. ನಮ್ಮ ದನಗಳ ಮೆಲುಕಿನಂತೆ ಅದು ಮೊಲದ ಜೀರ್ಣಕ್ರಮ. ಅರ್ಧದಿನ ಮೇವು ಮುಟ್ಟದೆ, ಹಿಕ್ಕೆ ಹಾಕದೆ ಮೂಲೆ ಹಿಡಿದರೆ ನಾಳೆ ನೋಡೋಣವೆನ್ನದೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ವಾರಕ್ಕೊಮ್ಮೆ ಕಿವಿಗಳನ್ನು ಎತ್ತಿ ಒಳಭಾಗವನ್ನು ಬೆಳಕಿನಲ್ಲಿ ನೋಡತಕ್ಕದ್ದು. ದುರ್ವಾಸನೆ, ಕೀವು, ತಲೆ ಒಂದು ಕಡೆಗೆ ವಾಲುವುದು ಇವು ಅಪಾಯದ ಸೂಚನೆಗಳು. ಕಂದುಬಣ್ಣದ ಹಕ್ಕಳೆಯು ಪದರ ಪದರವಾಗಿ ಕಟ್ಟಿದ್ದರೆ ಅದು ನುಸಿಯ ಕೆಲಸ. ಹಕ್ಕಳೆಯನ್ನು ಕಿತ್ತರೆ ಅತಿಶಯವಾದ ನೋವಾಗುವುದು. ಕಡ್ಡಿ ಹಾಕುವುದೂ ಎಣ್ಣೆ ಸುರಿಯುವುದೂ ತರವಲ್ಲ. ವೈದ್ಯರು ಚುಚ್ಚುಮದ್ದು ಕೊಟ್ಟರೆ ನುಸಿಯು ಸತ್ತು ಹಕ್ಕಳೆಯು ತಾನಾಗಿ ಉದುರುವುದು. ಇಲ್ಲಿ ಎರಡು ಎಚ್ಚರಿಕೆಗಳನ್ನು ಒತ್ತಿ ಹೇಳಬೇಕಾಗಿದೆ. ಮನೆಯಲ್ಲಿ ಉಳಿದಿರುವ ಅಮಾಕ್ಸಿಸಿಲಿನ್ ಗುಳಿಗೆಯನ್ನು ಅರೆದು ಮೊಲದ ಬಾಯಿಗೆ ಹಾಕಿದರೆ ಕರುಳಿನ ಉಪಯುಕ್ತ ಅಣುಜೀವಿಗಳು ನಾಶವಾಗಿ ಪ್ರಾಣವೇ ಹೋಗಬಹುದು. ನಾಯಿಯ ಉಣ್ಣೆಗೆ ಹಾಕುವ ಫಿಪ್ರೊನಿಲ್ ಔಷಧವೂ ಮೊಲಕ್ಕೆ ವಿಷ.

ಕಿವಿ ಹಿಡಿದು ಎತ್ತುವ ಅಭ್ಯಾಸವನ್ನು ಮಕ್ಕಳಿಗೂ ಆಳುಗಳಿಗೂ ಬಿಡಿಸಬೇಕು. ಒಂದು ಕೈಯನ್ನು ಎದೆಯ ಕೆಳಗೆ, ಇನ್ನೊಂದನ್ನು ಹಿಂಭಾಗಕ್ಕೆ ಆಸರೆಯಾಗಿ ಕೊಟ್ಟು ಎತ್ತಬೇಕು. ಇಲ್ಲವಾದರೆ ಹಿಂಗಾಲುಗಳನ್ನು ಒದ್ದು ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳುವುದು. ಗರ್ಭಧಾರಣೆಯ ಅವಧಿ ಸುಮಾರು 31 ದಿನ. ಈದ ದಿನವೇ ಪುನಃ ಗರ್ಭಕಟ್ಟಬಲ್ಲ ಪ್ರಾಣಿಯಾದುದರಿಂದ ಗಂಡುಹೆಣ್ಣುಗಳನ್ನು ಬೇರ್ಪಡಿಸದಿದ್ದರೆ ವರ್ಷದೊಳಗೆ ಹಟ್ಟಿ ತುಂಬೀತು.

ಇದರಿಂದ ಆದಾಯವೆಷ್ಟು ಎಂಬ ಪ್ರಶ್ನೆಯು ಜಮೀನುದಾರರಿಂದ ಬಂದೇ ಬರುವುದು. ಜೋಲುಗಿವಿಯ ಮೊಲವು ಲಾಭದ ಪ್ರಾಣಿಯಲ್ಲ. ಮಾಂಸ ಅಥವಾ ಉಣ್ಣೆಗಾಗಿ ಮೊಲ ಸಾಕುವ ಉದ್ದೇಶವುಳ್ಳವರು ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯು ಕೊಡೈಕನಾಲ್ ಬಳಿಯ ಮನ್ನವನೂರಿನಲ್ಲಿ ನಡೆಸುವ ಕೇಂದ್ರವನ್ನು ವಿಚಾರಿಸುವುದು ಯುಕ್ತ. ಆ ಕೇಂದ್ರವು ತಂಪಾದ ಬೆಟ್ಟದ ಮೇಲಿರುವುದನ್ನೂ ಗಮನಿಸಬೇಕು. ಮನೆಯ ಮಕ್ಕಳ ಸಂತೋಷಕ್ಕಾಗಿಯೇ ಕೊಳ್ಳುವುದಾದರೆ ಬೇಸಗೆಯಲ್ಲಿ ಕೊಳ್ಳದೆ ಮಳೆಗಾಲ ಕಳೆದ ಮೇಲೆ, 8 ವಾರ ತುಂಬಿದ ಮರಿಗಳನ್ನು ಜೊತೆಯಾಗಿ ಕೊಳ್ಳತಕ್ಕದ್ದು. ಕಿವಿಯ ಉದ್ದವನ್ನು ನೋಡಿ ಮರುಳಾಗದೆ, ಅದನ್ನು ಎತ್ತಿ ಒಳಗೆ ನೋಡಿರಿ. ತುಟಿ ಸರಿಸಿ ಮೇಲಿನ ಬಾಚಿಹಲ್ಲು ಕೆಳಗಿನದರ ಮುಂದೆ ಸರಿಯಾಗಿ ಕೂಡಿದೆಯೇ ಎಂದು ಪರೀಕ್ಷಿಸಿರಿ. ಮೂಗಿನಲ್ಲಿ ಸಿಂಬಳವಾಗಲಿ, ಮುಂಗಾಲಿನ ಒಳಬದಿಯ ಕೂದಲಿನಲ್ಲಿ ಅದನ್ನು ಒರಸಿಕೊಂಡ ಗುರುತಾಗಲಿ ಇದ್ದರೆ ಎಷ್ಟು ಅಗ್ಗವಾದರೂ ಕೊಳ್ಳಬೇಡಿರಿ.