ಮರದ ರಸ ಕುಡಿಯುವ ಹಕ್ಕಿ

ಮರಕುಟಿಗವು ಹುಳುಗಳಿಗಾಗಿ ಮರ ಕುಟ್ಟುವುದು ನಿಮಗೆ ಗೊತ್ತು. ಮರದ ರಸಕ್ಕಾಗಿಯೇ ತೂತು ಕೊರೆಯುವ ಮರಕುಟಿಗವೂ ಇದೆ. ಅದು ಉತ್ತರ ಅಮೆರಿಕದ ಕಾಡು, ತೋಟಗಳಲ್ಲಿರುವ ಸ್ಯಾಪ್‌ಸಕರ್. ಈ ಹೆಸರಿಗೆ ರಸ ಹೀರುವುದು ಎಂದರ್ಥ.

ಎಲೆಗಳು ತಯಾರಿಸಿದ ಆಹಾರವು ತೊಗಟೆಯ ಒಳಪದರದ ಮೂಲಕ ಮರದ ಇತರ ಭಾಗಗಳಿಗೆ ಹರಿಯುತ್ತದೆ. ಈ ರಸದಲ್ಲಿ ಸಕ್ಕರೆಯಿರುತ್ತದೆ. ಸ್ಯಾಪ್‌ಸಕರ್ ತೊಗಟೆಯಲ್ಲಿ ಸಾಲುಸಾಲಾಗಿ ಸಣ್ಣ ತೂತುಗಳನ್ನು ಕೊರೆಯುತ್ತದೆ. ಅಲ್ಲಿ ಒಸರುವ ರಸವನ್ನು ಕುಂಚದಂತಿರುವ ನಾಲಗೆಯಿಂದ ನೆಕ್ಕುತ್ತದೆ. ರಸಕ್ಕೆ ಮುತ್ತಿದ ಇರುವೆಗಳನ್ನೂ ತಿನ್ನುತ್ತದೆ. ರಸ ನಿಲ್ಲದಂತೆ ತೂತುಗಳನ್ನು ಆಗಾಗ ಕೆದಕುತ್ತಿರುತ್ತದೆ.

ಈ ರಸಕ್ಕೆ ಬೇರೆ ಅತಿಥಿಗಳೂ ಬರುತ್ತಾರೆ. ಕೆಂಗೊರಳಿನ ಹಮ್ಮಿಂಗ್‌ಬರ್ಡ್ ಸುಮಾರು 3 ಗ್ರಾಂ ತೂಕದ ಪುಟ್ಟ ಹಕ್ಕಿ. ಅದಕ್ಕೆ ಹೂವಿನ ಮಕರಂದ ಬೇಕು. ಚಳಿಗಾಲ ಕಳೆದು ಅದು ಉತ್ತರಕ್ಕೆ ಮರಳುವಾಗ ಅಲ್ಲಿ ಹೂಗಳು ತೀರ ಕಡಿಮೆ. ಆಗ ಸ್ಯಾಪ್‌ಸಕರ್ ಕೊರೆದ ತೂತುಗಳೇ ಅದರ ಹಸಿವು ನೀಗಿಸುತ್ತವೆ. ಆದರೆ ತೂತುಗಳು ಹೆಚ್ಚಾದರೆ ಆಹಾರದ ದಾರಿ ಕಡಿದು ಮರ ಸೊರಗುತ್ತದೆ.

ನಮ್ಮ ತೋಟಗಳಿಗೂ ಕಂದು ಮರಕುಟಿಗ ಬರುತ್ತದೆ. ಇರುವೆಗಳು ಅದರ ಮುಖ್ಯ ಆಹಾರ. ಅದು ಬಾಳೆ ಎಲೆಯ ಬುಡದಲ್ಲಿ ರಸವನ್ನೂ ಕುಡಿಯುತ್ತದೆ. ಕಂಡರೆ ಕಲ್ಲೆಸೆಯಬೇಡಿರಿ, ದೂರದಲ್ಲಿ ನಿಂತು, ಅದು ಏನು ಮಾಡುತ್ತದೆಂದು ಗಮನಿಸಿರಿ.