ಗೆರೆಗಿಂತ ಹಳೆಯ ತಿಂಡಿ

ಪಡ್ಡಿನ ಕಾವಲಿ ಬಲ್ಲವರಿಗೆ ಈ ಒಲೆಯ ಪರಿಚಯ ಮಾಡಿಕೊಡಬೇಕಿಲ್ಲ. ಗುಳಿಗುಳಿಯಾದ ಕಾವಲಿ, ಕೆಳಗೆ ಇದ್ದಿಲ ಕೆಂಡ, ಗುಳಿಗಳಲ್ಲಿ ತೆಂಗಿನಹಾಲು ಬೆರೆಸಿದ ಅಕ್ಕಿಹಿಟ್ಟು. ಥಾಯ್ಲೆಂಡಿನಲ್ಲಿ ಇದು ಖನೋಮ್ ಕ್ರೋಕ್, ಕಾಂಬೋಡಿಯದಲ್ಲಿ ನುಮ್ ಕ್ರೋಕ್. ಥಾಯಿಗಳು ಮೇಲೆ ಸಿಹಿಯಾದ ಗಟ್ಟಿ ತೆಂಗಿನಹಾಲು ಹೊಯ್ದು ಅಂಚು ಗರಿಗರಿಯಾಗುವಂತೆ, ನಡು ಮೆತ್ತಗೇ ಉಳಿಯುವಂತೆ ಬೇಯಿಸುತ್ತಾರೆ. ಕಾಂಬೋಡಿಯದ ಖಮೇರರು ಈರುಳ್ಳಿಸೊಪ್ಪು ಉದುರಿಸಿ, ಮೀನಿನ ಉಪ್ಪುರಸಕ್ಕೆ ಮೆಣಸಿನಕಾಯಿ, ಸಕ್ಕರೆ ಕಲಸಿದ ನೆಂಚಿಕೆಯಲ್ಲಿ ಅದ್ದಿ ತಿನ್ನುತ್ತಾರೆ. ಇಂಥದ್ದರ ಬಗ್ಗೆಯೂ ‘ಯಾರದು ಮೂಲ, ಯಾರದು ನಕಲು’ ಎಂಬ ಜಗಳ ಹತ್ತುವುದು ಈ ಎರಡು ದೇಶಗಳಿಗೆ ಹೊಸದಲ್ಲ. 2023ರ ನಾಮ್ ಪೆನ್ ಆಗ್ನೇಯ ಏಷ್ಯಾ ಕ್ರೀಡಾಕೂಟದಲ್ಲಿ ಮುಯೆ ಥಾಯ್ ಸ್ಪರ್ಧೆಗೆ ‘ಕುನ್ ಖಮೇರ್’ ಎಂದು ಹೆಸರಿಟ್ಟಾಗ ಥಾಯ್ಲೆಂಡ್ ಆ ಸ್ಪರ್ಧೆಗೆ ತಂಡವನ್ನೇ ಕಳಿಸಲಿಲ್ಲ. ತಿಂಡಿಯ ಮಟ್ಟಿಗಂತೂ ಈ ಜಗಳದ ಬುಡವೇ ತಪ್ಪು. ಗಡಿಯ ಗೆರೆ ಬಿದ್ದದ್ದು ತಿಂಡಿಯಾದ ಮೇಲೆ.

ಆ ಗೆರೆಯ ವಯಸ್ಸು ಎಷ್ಟು? ಆಗ ಕಾಂಬೋಡಿಯವನ್ನು ಆಳುತ್ತಿದ್ದ ಫ್ರೆಂಚರೂ ಸಯಾಮಿನ (ಇಂದಿನ ಥಾಯ್ಲೆಂಡಿನ) ಅರಸರೂ 1904ರಲ್ಲಿ ಮಾಡಿಕೊಂಡ ಒಪ್ಪಂದ ದಂಗ್ರೆಕ್ ಬೆಟ್ಟಸಾಲಿನ ನೀರು ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು ನೋಡಿ ದೇಶವನ್ನು ಬೇರ್ಪಡಿಸಿತು. 1907ರಲ್ಲಿ ಬಟ್ಟಂಬಾಂಗ್, ಸಿಯೆಮ್ ರೀಪ್, ಸಿಸೊಫೊನ್ ಸಯಾಮಿನ ಕೈಬಿಟ್ಟವು. ಎರಡನೆಯ ಮಹಾಯುದ್ಧದ ನಡುವೆ ಅವುಗಳ ಬಹುಭಾಗ ಮತ್ತೆ ಬ್ಯಾಂಕಾಕಿಗೆ ಸೇರಿ, 1946ರಲ್ಲಿ ಮತ್ತೆ ಹಿಂದಕ್ಕೆ ಹೋಯಿತು. ನೀರು ಇಬ್ಭಾಗವಾದಂತೆ ನಾಲಿಗೆ ಇಬ್ಭಾಗವಾಗಲಿಲ್ಲ. ಬೆಟ್ಟದ ಉತ್ತರಕ್ಕೆ, ಥಾಯ್ಲೆಂಡಿನ ಸುರಿನ್, ಬುರಿರಾಮ್, ಸಿಸಾಕೆಟ್ ಪ್ರಾಂತ್ಯಗಳಲ್ಲಿ ಮನೆಮಾತು ಖಮೇರ್ ಆಗಿರುವವರು ಇಂದಿಗೂ ಲಕ್ಷಗಟ್ಟಲೆ ಇದ್ದಾರೆ. ಅವರು ವರ್ಷಕ್ಕೊಮ್ಮೆ ಹಿರಿಯರಿಗೆ ಎಡೆಯಿಡುವ ಹಬ್ಬ ‘ಸೇನ್ ದೋನ್ ತಾ’. ಅದೇ ಹೊತ್ತಿಗೆ ಕಾಂಬೋಡಿಯದಲ್ಲಿ ನಡೆಯುವುದು ಹದಿನೈದು ದಿನದ ‘ಪ್ಚುಮ್ ಬೆನ್’. ‘ಬೆನ್’ ಎಂದರೆ ನಮ್ಮ ಪಿಂಡವೇ, ಸವೆದ ರೂಪದಲ್ಲಿ, ತಿಂಗಳು ‘ಫೊಟ್ರೊಬೊಟ್’, ಅಂದರೆ ಭಾದ್ರಪದ, ಪಕ್ಷ ಕೃಷ್ಣಪಕ್ಷ. ನಮ್ಮಲ್ಲಿ ಮಹಾಲಯಕ್ಕೆ ಎಡೆ ಹಾಕುವ ಅದೇ ದಿನಗಳಲ್ಲಿ ಅಲ್ಲಿ ನಸುಕಿಗೇ ಎದ್ದು ಪ್ರೇತಗಳಿಗೆ ಅನ್ನದ ಉಂಡೆ ಎಸೆಯುತ್ತಾರೆ. ಪೇಟೆಯಲ್ಲಿ ಬಾಳೆಲೆ ರಾಶಿ ಬೀಳುತ್ತದೆ. ಅಂಟಕ್ಕಿಯ ನಡುವೆ ಬಾಳೆಹಣ್ಣನ್ನೋ ಹೆಸರುಬೇಳೆ–ಹಂದಿಮಾಂಸವನ್ನೋ ಇಟ್ಟು, ಎಲೆಯಲ್ಲಿ ಸುತ್ತಿ, ಗಂಟೆಗಟ್ಟಲೆ ಬೇಯಿಸಿದ ‘ಅನ್ಸೋಮ್’ ಇಲ್ಲದೆ ಹಬ್ಬವಿಲ್ಲ. ಎಲೆಯಲ್ಲಿ ಸುತ್ತಿದ ಅಂಟಕ್ಕಿ ಬೆಟ್ಟದ ಆಚೆಗೂ ಉಂಟು, ಈಚೆಗೂ ಉಂಟು. ಇದರಲ್ಲಿ ಯಾವುದು ಯಾವ ದೇಶದ್ದು?

ತಿಂಡಿಯಷ್ಟೇ ಹಳೆಯದು ಅದನ್ನು ಮಾರುವ ಬಗೆ. 1296ರಲ್ಲಿ ಖಮೇರ್ ರಾಜಧಾನಿ ಅಂಗ್ಕೋರಿಗೆ ಬಂದು ಹೆಚ್ಚುಕಡಿಮೆ ಒಂದು ವರ್ಷ ತಂಗಿದ್ದ ಚೀನೀ ರಾಯಭಾರಿ ತಂಡದ ಝೌ ದಾಗ್ವಾನ್ ಬರೆದಿಟ್ಟಂತೆ, ಅಲ್ಲಿ ವ್ಯಾಪಾರವೆಲ್ಲ ಹೆಂಗಸರದು. ಮಳಿಗೆಗಳಿಲ್ಲ, ನೆಲದ ಮೇಲೆ ಚಾಪೆ, ಒಬ್ಬೊಬ್ಬರಿಗೆ ಒಂದೊಂದು ಜಾಗ, ಬೆಳಗ್ಗೆ ಶುರುವಾಗಿ ಮಧ್ಯಾಹ್ನಕ್ಕೆ ಮುಗಿಯುವ ಸಂತೆ. ಜಾಗಕ್ಕೆ ಸುಂಕವೂ ಇತ್ತಂತೆ, ಅದು ಯಾವ ಕಾಲದಲ್ಲಿ ಇರಲಿಲ್ಲ! ಅವನಿಗಿಂತ ಸುಮಾರು ನೂರು ವರ್ಷ ಹಿಂದಿನ, ಅಂಗ್ಕೋರಿನ ಬಯೋನ್ ಗುಡಿಯ ಗೋಡೆಯಲ್ಲೂ ಸಂತೆಯ ಹೆಂಗಸರು, ಅಡುಗೆ ಮಾಡುವವರು ಕೆತ್ತನೆಯಾಗಿ ನಿಂತಿದ್ದಾರೆ. ಆ ಬಯೋನ್ ಇರುವ ನೆಲವೇ 1907ರವರೆಗೆ ಸಯಾಮಿನ ಕೈಯಲ್ಲಿತ್ತು ಎನ್ನುವುದನ್ನು ಎರಡೂ ಕಡೆಯ ಜಗಳಗಂಟರು ನೆನೆಯುವುದಿಲ್ಲ.

ಏಳು ಶತಮಾನದ ಈ ಸಂತೆ ಒಮ್ಮೆ ನಿಜಕ್ಕೂ ನಿಂತಿತು. 1975ರಲ್ಲಿ ಕಾಂಬೋಡಿಯದ ಅಧಿಕಾರ ಹಿಡಿದ ಖಮೇರ್ ರೂಜ್ ಪೇಟೆಯನ್ನೂ ಹಣವನ್ನೂ ರದ್ದು ಮಾಡಿತು. 1979ರಲ್ಲಿ ಆ ಆಡಳಿತ ಕುಸಿದಾಗ ಕೊಳ್ಳಲು ನೋಟೇ ಇರಲಿಲ್ಲ. ರಿಯೆಲ್ ಮರಳಿದ್ದು 1980ರಲ್ಲಿ. ಈ ನಡುವೆ ಜನ ಬಚ್ಚಿಟ್ಟ ಚಿನ್ನದ ಚೂರುಗಳನ್ನು ಸೆರಗಿಗೆ ಕಟ್ಟಿಕೊಂಡು ಥಾಯ್ ಗಡಿಗೆ ನಡೆದರು. ನಿರಾಶ್ರಿತರ ಬಿಡಾರಗಳ ಸುತ್ತ ಅಕ್ಕಿ, ಬಟ್ಟೆ, ಔಷಧಿಯ ಕಳ್ಳಸಂತೆ ಕಟ್ಟಿತು. ಲಕ್ಷಕ್ಕೂ ಹೆಚ್ಚು ಮಂದಿಯಿದ್ದ ‘ಸೈಟ್ 2’ರಂಥ ಬಿಡಾರಗಳು 1991ರ ಪ್ಯಾರಿಸ್ ಒಪ್ಪಂದದ ನಂತರ ಖಾಲಿಯಾದವು, ವ್ಯಾಪಾರ ಉಳಿಯಿತು. ಪೊಯಿಪೆಟ್‌ಗೆ ಎದುರು ಅರಣ್ಯಪ್ರಥೇಟ್‌ನಲ್ಲಿರುವ ರೋಂಗ್ ಕ್ಲುಆ (ಹೆಸರಿನ ಅರ್ಥ ಉಪ್ಪಿನ ಉಗ್ರಾಣ) ಬೆಳೆದದ್ದು ಈ ಹಾದಿಯಲ್ಲೇ.

ತಿಂಡಿಯ ಮೂಲಕ್ಕೆ ಅದರ ಹೆಸರೇ ಸಾಕ್ಷಿಯಲ್ಲವೇ ಎಂದು ಕೇಳಬಹುದು. ಥಾಯ್ ಭಾಷೆಯಲ್ಲಿ ಕ್ರೋಕ್ ಎಂದರೆ ಒರಳು. ಖಮೇರಿನಲ್ಲಿ ಒರಳಿಗೆ ‘ತ್ಬಾಲ್’ ಎನ್ನುತ್ತಾರೆ. ಹಾಗಾದರೆ ಹೆಸರು ಪಶ್ಚಿಮದಿಂದ ಪೂರ್ವಕ್ಕೆ ಹೋಗಿರಬಹುದು, ಒಪ್ಪೋಣ. ಆದರೆ ಹೆಸರು ಮಾರುವವಳ ಜೊತೆ ಹೋಗುತ್ತದೆ, ಹುಟ್ಟೂರಿನ ಜಾತಕ ಹೊತ್ತುಕೊಂಡಲ್ಲ. ಹೆಸರನ್ನೇ ನಂಬುವುದಾದರೆ ಥಾಯಿಗಳ ‘ಖನೋಮ್ ಚೀನ್’ ಎಂಬ ಶಾವಿಗೆಯನ್ನು ಮೋನ್ ಜನರಿಗೆ ಬಿಟ್ಟುಕೊಡಬೇಕು. ತಾಳೆಹಣ್ಣಿನ ‘ಖನೋಮ್ ತಾನ್’ ಸಂಸ್ಕೃತಕ್ಕೆ ಸೇರಬೇಕು: ತಾಳಮರದ ಹೆಸರನ್ನು ಥಾಯಿಗಳು ‘ತಾಲ್’ ಎಂದು ಬರೆದು ‘ತಾನ್’ ಎಂದು ಓದುತ್ತಾರೆ. ಹೆಸರು ಬಿಟ್ಟು ಹುಟ್ಟನ್ನು ನೋಡಿದರೂ ಹೆಮ್ಮೆಯ ಮೊಟ್ಟೆಸಿಹಿ ‘ಫೋಯ್ ಥೋಂಗ್’ ಪೋರ್ಚುಗೀಸರದಾಗುತ್ತದೆ. ಹೀಗೆ ಹಿಂದಿರುಗಿಸುತ್ತ ಹೋದರೆ ಗಾಡಿಯಲ್ಲಿ ಉಳಿಯುವುದು ಇದ್ದಿಲು ಮಾತ್ರ.

2025ರಲ್ಲಿ ಗಡಿ ಮುಚ್ಚುವವರೆಗೆ ಗಡಿಸಂತೆಯಲ್ಲಿ ಕಾಣುತ್ತಿದ್ದದ್ದು ಹಳೆಯ ಬಟ್ಟೆ, ಹಳೆಯ ಬೂಟು, ಅಗ್ಗದ ಪ್ಲಾಸ್ಟಿಕ್. ಸಂಪ್ರದಾಯ ಎಲ್ಲಿದೆ ಎನ್ನುವವರೂ ಇದ್ದಾರೆ. ಬೂಟಿನ ರಾಶಿ ನಿಜ. ಆದರೆ ಬ್ಯಾಂಕಾಕಿನ ಬೀದಿಯಲ್ಲಿ ಹುರಿದು ಮಾರುವ ಹುಳುಗಳ ಸಗಟು ಪೇಟೆಯೂ ಇದೇ ರೋಂಗ್ ಕ್ಲುಆ ಆಗಿತ್ತು. ಕಾಂಬೋಡಿಯದ ಗದ್ದೆಗಳಲ್ಲಿ ರಾತ್ರಿ ದೀಪ ಹಚ್ಚಿ, ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು ಹಿಡಿದ ಮಿಡತೆ–ಜೀರುಂಡೆಗಳು ಇಲ್ಲಿಗೇ ಬರುತ್ತಿದ್ದವು. ಸಾಕಿದ ಜೀರುಂಡೆಯ ಉದ್ಯಮ ಥಾಯ್ಲೆಂಡಿನಲ್ಲಿ 1998ರಿಂದೀಚೆಗೆ ಬೆಳೆದರೂ ಗದ್ದೆಯದಕ್ಕೆ ಬೇಡಿಕೆ ಇಳಿದಿರಲಿಲ್ಲ. ಪ್ಲಾಸ್ಟಿಕ್ ಹಾಳೆ ಬಂದ ಮಾತ್ರಕ್ಕೆ ತಿಂಡಿ ಹೊಸದಾಗುವುದಿಲ್ಲ.

ಸಂತೆ ಕೂಡಿಸುತ್ತದೆ, ಬಂದೂಕು ಒಡೆಯುತ್ತದೆ ಎಂದು ಹಾಡುವುದೂ ನನಗೆ ಒಪ್ಪಿಗೆಯಿಲ್ಲ. ಸಂತೆ ಯುದ್ಧವನ್ನು ತಡೆಯುವುದಿಲ್ಲ. 2025ರ ಜೂನ್‌ನಲ್ಲಿ ದಾಟುಬಾಗಿಲುಗಳು ಮುಚ್ಚಿದವು, ಕಾಂಬೋಡಿಯ ಥಾಯ್ ಹಣ್ಣು–ತರಕಾರಿಯನ್ನು ತಡೆಯಿತು, ಜುಲೈ 24ರಿಂದ ಐದು ದಿನ ಫಿರಂಗಿಗಳು ಮಾತಾಡಿದವು. ಆ ವರ್ಷದ ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 21ಕ್ಕೆ ಬಿತ್ತು. ಹಿರಿಯರಿಗೆ ಎಡೆಯಿಡುವ ದಿನಗಳು ಬೆಟ್ಟದ ಎರಡೂ ಮಗ್ಗುಲಿಗೆ ಒಟ್ಟಿಗೇ ಬಂದವು. ಆಗಲೂ ಗಡಿಯ ಬಾಗಿಲು ಮುಚ್ಚಿಯೇ ಇತ್ತು.