ಮಾನಸಿಕ ಕಾಯಿಲೆಯ ಔಷಧಿಗಳಿಂದ ಉಂಟಾಗುವ ಹಾರ್ಮೋನು ವ್ಯತ್ಯಾಸಗಳು ಮತ್ತು ವಂಶವಾಹಿಗಳ ಪಾತ್ರ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಸ್ಕಿಜೋಫ್ರೀನಿಯಾ, ಬೈಪೋಲಾರ್ ಮುಂತಾದ ತೀವ್ರ ಮಾನಸಿಕ ಕಾಯಿಲೆಗಳ ಚಿಕಿತ್ಸೆಯಲ್ಲಿ ಆಂಟಿಸೈಕೋಟಿಕ್ ಎಂಬ ವರ್ಗದ ಔಷಧಿಗಳನ್ನು ನೀಡಲಾಗುತ್ತದೆ. ಈ ಔಷಧಿಗಳಿಂದ ಅಸಂಖ್ಯಾತ ರೋಗಿಗಳು ಗುಣಮುಖರಾಗಿ ಕುಟುಂಬ ಹಾಗೂ ಉದ್ಯೋಗಕ್ಕೆ ಮರಳಿರುತ್ತಾರೆ. ಆದರೆ ಕೆಲವರಲ್ಲಿ ಇವು ದೇಹದ ಹಾರ್ಮೋನುಗಳ ಮೇಲೆ ಪರಿಣಾಮ ಬೀರುತ್ತವೆ. ಮುಟ್ಟು ನಿಲ್ಲುವುದು, ಎದೆಹಾಲು ಒಸರುವುದು, ಲೈಂಗಿಕ ಆಸಕ್ತಿ ಕುಂದುವುದು ಮುಂತಾದ ತೊಂದರೆಗಳನ್ನು ಸಂಕೋಚದಿಂದ ಯಾರಲ್ಲಿಯೂ ಹೇಳದೆ, ಔಷಧಿಯನ್ನೇ ಗುಟ್ಟಾಗಿ ನಿಲ್ಲಿಸುವವರಿದ್ದಾರೆ. ಅಂತಹವರಲ್ಲಿ ಕಾಯಿಲೆಯು ಮರುಕಳಿಸುವ ಸಂಭವ ಹೆಚ್ಚು. ಒಂದೇ ಔಷಧಿಯು ಒಬ್ಬರಿಗೆ ತೊಂದರೆ ನೀಡಿ ಮತ್ತೊಬ್ಬರಿಗೆ ನೀಡದಿರುವುದೇಕೆ, ಇದರಲ್ಲಿ ಅನುವಂಶೀಯತೆಯ ಪಾಲೆಷ್ಟು ಹಾಗೂ ಸಾರ್ವಜನಿಕರು ಅನುಸರಿಸಬೇಕಾದ ಕ್ರಮಗಳೇನು ಎಂಬುದನ್ನು ಈ ಕೆಳಕಂಡಂತೆ ವಿವರಿಸಲಾಗಿದೆ.

1. ತೊಂದರೆ ಉಂಟಾಗುವ ಬಗೆ

ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವು ಹಲವು ಕೆಲಸಗಳನ್ನು ನಿರ್ವಹಿಸುತ್ತದೆ. ಅವುಗಳಲ್ಲಿ ಒಂದು, ಪಿಟ್ಯುಟರಿ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಅಗತ್ಯಕ್ಕಿಂತ ಹೆಚ್ಚಾಗಿ ಸ್ರವಿಸದಂತೆ ತಡೆಯುವುದು. ಬಾಣಂತಿಯರಲ್ಲಿ ಹಾಲು ಉತ್ಪತ್ತಿಯಾಗುವುದು ಇದೇ ಪ್ರೊಲ್ಯಾಕ್ಟಿನ್‌ನಿಂದ. ಆಂಟಿಸೈಕೋಟಿಕ್ ಔಷಧಿಗಳು ಡೋಪಮೈನ್‌ನ ಡಿ-2 ಗ್ರಾಹಕಗಳನ್ನು ತಡೆಹಿಡಿದು ಭ್ರಮೆ, ಸಂಶಯ ಮುಂತಾದ ಲಕ್ಷಣಗಳನ್ನು ತಗ್ಗಿಸುತ್ತವೆ. ಅದೇ ತಡೆಯು ಪಿಟ್ಯುಟರಿ ಗ್ರಂಥಿಯಲ್ಲಿಯೂ ಉಂಟಾದಾಗ ಪ್ರೊಲ್ಯಾಕ್ಟಿನ್ ಮೇಲಿದ್ದ ಅಂಕೆ ಸಡಿಲಗೊಂಡು ಅದರ ಪ್ರಮಾಣ ಏರುತ್ತದೆ.

2. ಗಮನಿಸಬೇಕಾದ ಲಕ್ಷಣಗಳು

ಅ) ಮಹಿಳೆಯರಲ್ಲಿ: ಮುಟ್ಟು ಏರುಪೇರಾಗುವುದು ಅಥವಾ ನಿಲ್ಲುವುದು, ಹೆರಿಗೆಯಾಗದಿದ್ದರೂ ಎದೆಹಾಲು ಒಸರುವುದು, ಗರ್ಭಧಾರಣೆಗೆ ಅಡಚಣೆ.
ಆ) ಪುರುಷರಲ್ಲಿ: ಲೈಂಗಿಕ ಆಸಕ್ತಿ ಹಾಗೂ ಸಾಮರ್ಥ್ಯ ಕುಂದುವುದು, ಸ್ತನಭಾಗ ಉಬ್ಬುವುದು.
ಇ) ಇಬ್ಬರಲ್ಲಿಯೂ: ದೀರ್ಘಕಾಲ ಇದೇ ಸ್ಥಿತಿ ಮುಂದುವರಿದಲ್ಲಿ ಮೂಳೆಗಳ ಸಾಂದ್ರತೆ ಕಡಿಮೆಯಾಗುವುದು.

ಅವಿವಾಹಿತ ಹೆಣ್ಣುಮಕ್ಕಳಲ್ಲಿ ಮುಟ್ಟು ನಿಂತು ಎದೆಹಾಲು ಕಾಣಿಸಿಕೊಂಡಾಗ ಮನೆಯವರು ತಪ್ಪು ಗ್ರಹಿಸಿ ನಿಂದಿಸುವ ಸಂಭವವಿರುತ್ತದೆ. ಮಕ್ಕಳಾಗದಿರುವುದಕ್ಕೆ ಸೊಸೆಯನ್ನು ದೂಷಿಸುವುದೂ ಉಂಟು. ಇದು ಔಷಧಿಯ ಪರಿಣಾಮವಾಗಿರಬಹುದೇ ಹೊರತು ನಡತೆಗೆ ಸಂಬಂಧಿಸಿದ ವಿಷಯವಲ್ಲ ಎಂಬುದನ್ನು ಕುಟುಂಬದವರು ಅರಿಯತಕ್ಕದ್ದು. ಆದಾಗ್ಯೂ ಮುಟ್ಟು ಅನಿಯಮಿತವಾಗಿರುವ ವಿವಾಹಿತ ಮಹಿಳೆಯರು ಗರ್ಭ ನಿಲ್ಲುವುದೇ ಇಲ್ಲವೆಂದು ಭಾವಿಸಬಾರದು. ಔಷಧಿಯನ್ನು ಬದಲಾಯಿಸಿದ ನಂತರ ಗರ್ಭಧಾರಣೆಯ ಸಾಧ್ಯತೆ ಹಿಂದಿರುಗುತ್ತದೆ.

3. ಔಷಧಿವಾರು ವ್ಯತ್ಯಾಸ

ರಿಸ್ಪೆರಿಡೋನ್, ಪಾಲಿಪೆರಿಡೋನ್, ಅಮಿಸಲ್ಪ್ರೈಡ್ ಹಾಗೂ ಹಾಲೋಪೆರಿಡಾಲ್ ಔಷಧಿಗಳಲ್ಲಿ ಪ್ರೊಲ್ಯಾಕ್ಟಿನ್ ಏರಿಕೆ ಹೆಚ್ಚು. ಓಲಾಂಜಪಿನ್‌ನಲ್ಲಿ ಮಧ್ಯಮ. ಕ್ವೆಟಿಯಾಪಿನ್ ಮತ್ತು ಕ್ಲೋಜಪಿನ್‌ಗಳಲ್ಲಿ ಅತ್ಯಲ್ಪ. ಅರಿಪಿಪ್ರಜೋಲ್ ಔಷಧಿಯು ಡೋಪಮೈನ್ ಗ್ರಾಹಕವನ್ನು ಪೂರ್ಣ ಮುಚ್ಚದೆ ಭಾಗಶಃ ಪ್ರಚೋದಿಸುವುದರಿಂದ ಪ್ರೊಲ್ಯಾಕ್ಟಿನ್ ಇಳಿಯಲು ನೆರವಾಗುತ್ತದೆ. ಆದರೆ ಓಲಾಂಜಪಿನ್ ಮತ್ತು ಕ್ಲೋಜಪಿನ್‌ಗಳಲ್ಲಿ ತೂಕ ಹಾಗೂ ರಕ್ತದ ಸಕ್ಕರೆ ಏರುವ ಸಂಭವ ಹೆಚ್ಚಿದ್ದು, ಕ್ಲೋಜಪಿನ್‌ಗೆ ನಿಯತವಾಗಿ ರಕ್ತಕಣಗಳ ಪರೀಕ್ಷೆಯೂ ಅವಶ್ಯಕ. ಪ್ರತಿಯೊಂದು ಔಷಧಿಗೂ ಲಾಭ-ನಷ್ಟ ಎರಡೂ ಇರುವುದರಿಂದ ಆಯ್ಕೆಯನ್ನು ವೈದ್ಯರೇ ಮಾಡಬೇಕಾಗಿರುತ್ತದೆ.

4. ವಂಶವಾಹಿಗಳ ಪಾತ್ರ

ಪ್ರತಿಯೊಬ್ಬರಿಗೂ ಬಹುತೇಕ ವಂಶವಾಹಿಗಳ ಎರಡು ಪ್ರತಿಗಳು, ತಂದೆಯಿಂದ ಒಂದು ಹಾಗೂ ತಾಯಿಯಿಂದ ಒಂದರಂತೆ ಬಂದಿರುತ್ತವೆ. ಇವುಗಳಲ್ಲಿನ ಸಣ್ಣ ವ್ಯತ್ಯಾಸಗಳು ಔಷಧಿಯ ಪರಿಣಾಮವನ್ನು ಎರಡು ರೀತಿಯಲ್ಲಿ ಬದಲಿಸಬಲ್ಲವು.

ಮೊದಲನೆಯದು, ಔಷಧಿಯನ್ನು ಕರಗಿಸುವ ಶಕ್ತಿ. 22ನೇ ವರ್ಣತಂತುವಿನಲ್ಲಿರುವ ಸಿವೈಪಿ2ಡಿ6 ಎಂಬ ವಂಶವಾಹಿಯು ಯಕೃತ್ತಿನಲ್ಲಿ ರಿಸ್ಪೆರಿಡೋನ್, ಅರಿಪಿಪ್ರಜೋಲ್ ಮುಂತಾದ ಔಷಧಿಗಳನ್ನು ಪರಿವರ್ತಿಸುವ ಕಿಣ್ವವನ್ನು ತಯಾರಿಸುತ್ತದೆ. ಈ ಕಿಣ್ವವು ಕೆಲಸ ಮಾಡದವರಲ್ಲಿ ಸಾಮಾನ್ಯ ಪ್ರಮಾಣದ ಮಾತ್ರೆಯೂ ರಕ್ತದಲ್ಲಿ ಹೆಚ್ಚಾಗಿ ಉಳಿಯುತ್ತದೆ. ಯೂರೋಪ್ ಮೂಲದವರಲ್ಲಿ ಶೇ. 5 ರಿಂದ 10 ರಷ್ಟು ಜನ ಈ ಗುಂಪಿಗೆ ಸೇರಿದ್ದು, ಭಾರತೀಯರಲ್ಲಿ ಇದು ಅದಕ್ಕಿಂತ ಕಡಿಮೆ. ಇಂತಹವರಿಗೆ ಅರಿಪಿಪ್ರಜೋಲ್‌ನ ಅರ್ಧ ಪ್ರಮಾಣ ನೀಡುವಂತೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆಯು ಅನುಮೋದಿಸಿರುವ ವಿವರಪತ್ರದಲ್ಲಿ ಸೂಚಿಸಲಾಗಿದೆ. ರಿಸ್ಪೆರಿಡೋನ್ ವಿಷಯದಲ್ಲಿ ಮಾತ್ರ ಪರಿವರ್ತನೆಯ ನಂತರ ದೊರೆಯುವ ವಸ್ತುವೂ, ಅಂದರೆ ಪಾಲಿಪೆರಿಡೋನ್, ಪ್ರೊಲ್ಯಾಕ್ಟಿನ್ ಅನ್ನು ಏರಿಸುತ್ತದೆ. ಆದ್ದರಿಂದ ಈ ವಂಶವಾಹಿ ಒಂದರಿಂದಲೇ ಪ್ರೊಲ್ಯಾಕ್ಟಿನ್ ಮಟ್ಟವನ್ನು ಮುಂದಾಗಿ ಹೇಳಲು ಬರುವುದಿಲ್ಲ.

ಎರಡನೆಯದು, ಔಷಧಿಯು ಹೋಗಿ ತಗಲುವ ಗ್ರಾಹಕದ ಸ್ವರೂಪ. 11ನೇ ವರ್ಣತಂತುವಿನಲ್ಲಿರುವ ಡಿಆರ್‌ಡಿ2 ವಂಶವಾಹಿಯು ಡಿ-2 ಗ್ರಾಹಕವನ್ನು ರೂಪಿಸುತ್ತದೆ. ಇದರ ಸಮೀಪದ ಟ್ಯಾಕ್-1ಎ ಎಂಬ ವ್ಯತ್ಯಾಸ ಉಳ್ಳವರಲ್ಲಿ ಪ್ರೊಲ್ಯಾಕ್ಟಿನ್ ಹೆಚ್ಚು ಏರುವುದೆಂದು ಕೆಲವು ಅಧ್ಯಯನಗಳು ತಿಳಿಸಿದ್ದು, ಇನ್ನು ಕೆಲವು ಅಂತಹ ಸಂಬಂಧವನ್ನು ಕಂಡಿರುವುದಿಲ್ಲ. ತೂಕ ಏರಿಕೆಗೆ ಸಂಬಂಧಿಸಿದಂತೆ ಎಕ್ಸ್ ವರ್ಣತಂತುವಿನ ಎಚ್‌ಟಿಆರ್2ಸಿ ವಂಶವಾಹಿಯನ್ನೂ ಅಧ್ಯಯನ ಮಾಡಲಾಗಿದೆ.

ವಂಶವಾಹಿಯ ಜೊತೆಗೆ ಔಷಧಿಯ ಪ್ರಮಾಣ, ಲಿಂಗ, ವಯಸ್ಸು ಹಾಗೂ ಸೇವಿಸುತ್ತಿರುವ ಇತರೆ ಔಷಧಿಗಳೂ ಲೆಕ್ಕಕ್ಕೆ ಬರುತ್ತವೆ.

5. ಬೆಂಗಳೂರಿನಲ್ಲಿ ನಡೆದಿರುವ ಸಂಶೋಧನೆ

ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಸಂಸ್ಥೆಯು 1974ರಲ್ಲಿ, ಹಿಂದಿನ ಸರ್ಕಾರಿ ಮಾನಸಿಕ ಆಸ್ಪತ್ರೆ ಹಾಗೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗಳ ವಿಲೀನದಿಂದ ರೂಪುಗೊಂಡಿತು. ತಣಿಸಂದ್ರಕ್ಕೆ ಅನತಿ ದೂರದಲ್ಲಿ, ಬಳ್ಳಾರಿ ರಸ್ತೆಯ ಜಿ.ಕೆ.ವಿ.ಕೆ. ಆವರಣದಲ್ಲಿರುವ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರವು ನಿಮ್ಹಾನ್ಸ್ ಜೊತೆಗೂಡಿ, ಒಂದೇ ಕುಟುಂಬದ ಹಲವರಲ್ಲಿ ಕಾಣಿಸಿಕೊಳ್ಳುವ ತೀವ್ರ ಮಾನಸಿಕ ಕಾಯಿಲೆಗಳ ಅನುವಂಶೀಯ ಮೂಲವನ್ನು ಅಧ್ಯಯನ ಮಾಡಿದೆ. ಇದರ ಮುಖ್ಯ ಉದ್ದೇಶ ಕಾಯಿಲೆಯ ಕಾರಣವನ್ನು ಅರಿಯುವುದಾಗಿದ್ದು, ಔಷಧಿ ಆಯ್ಕೆಯ ಪರೀಕ್ಷೆಯಲ್ಲವೆಂಬುದನ್ನು ಗಮನಿಸುವುದು.

6. ವಂಶವಾಹಿ ಪರೀಕ್ಷೆ ಕಡ್ಡಾಯವೇ?

ಇಲ್ಲ. ಪ್ರೊಲ್ಯಾಕ್ಟಿನ್ ಏರಿಕೆಯನ್ನು ಪತ್ತೆ ಹಚ್ಚಲು ಸಾಮಾನ್ಯ ರಕ್ತ ಪರೀಕ್ಷೆ ಸಾಕಾಗುತ್ತದೆ. ವೈದ್ಯರು ಸೂಚಿಸದ ಹೊರತು ದುಬಾರಿ ವಂಶವಾಹಿ ಪರೀಕ್ಷೆಗೆ ಸಾಲ ಮಾಡಿ ಹಣ ವ್ಯಯಿಸುವ ಅಗತ್ಯವಿರುವುದಿಲ್ಲ. ರಕ್ತ ಪರೀಕ್ಷೆಗೆ ತೆರಳುವ ಮುನ್ನ ಈ ಕೆಳಗಿನ ಅಂಶಗಳನ್ನು ವೈದ್ಯರ ಗಮನಕ್ಕೆ ತರತಕ್ಕದ್ದು:

ಅ) ಗರ್ಭಿಣಿಯಾಗಿರುವ ಸಾಧ್ಯತೆ ಅಥವಾ ಮಗುವಿಗೆ ಹಾಲುಣಿಸುತ್ತಿರುವುದು.
ಆ) ಥೈರಾಯ್ಡ್ ತೊಂದರೆ.
ಇ) ವಾಂತಿ ಹಾಗೂ ಅಜೀರ್ಣಕ್ಕಾಗಿ ಸೇವಿಸುತ್ತಿರುವ ಡೋಮ್‌ಪೆರಿಡೋನ್, ಮೆಟೊಕ್ಲೊಪ್ರಮೈಡ್ ಮಾತ್ರೆಗಳು. ಇವೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ.
ಈ) ತಲೆನೋವು ಅಥವಾ ದೃಷ್ಟಿ ಮಂಜಾಗುವುದು. ಪಿಟ್ಯುಟರಿ ಗ್ರಂಥಿಯ ಗಡ್ಡೆಯನ್ನು ಪರಿಶೀಲಿಸಲು ಈ ಮಾಹಿತಿ ಮುಖ್ಯ.
ಉ) ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಇದೇ ಔಷಧಿಯಿಂದ ಆಗಿದ್ದ ತೊಂದರೆ ಹಾಗೂ ಕುಟುಂಬದಲ್ಲಿ ಸಕ್ಕರೆ ಕಾಯಿಲೆ.

7. ಕಾನೂನಿನ ಅವಕಾಶಗಳು

ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017 ದಿನಾಂಕ 29-05-2018 ರಿಂದ ಜಾರಿಯಲ್ಲಿರುತ್ತದೆ. ಇದರ ಪ್ರಕರಣ 22ರ ಮೇರೆಗೆ, ಉದ್ದೇಶಿತ ಚಿಕಿತ್ಸೆ ಹಾಗೂ ಅದರ ತಿಳಿದಿರುವ ಅಡ್ಡಪರಿಣಾಮಗಳ ಮಾಹಿತಿಯನ್ನು ತಮಗೆ ಅರ್ಥವಾಗುವ ಭಾಷೆಯಲ್ಲಿ ಪಡೆಯುವ ಹಕ್ಕು ರೋಗಿಗೆ ಹಾಗೂ ಅವರ ನಾಮನಿರ್ದೇಶಿತ ಪ್ರತಿನಿಧಿಗೆ ಇರುತ್ತದೆ. ಆದುದರಿಂದ ಈ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಲು ಹಿಂಜರಿಯಬೇಕಾಗಿಲ್ಲ. ಪ್ರಕರಣ 23ರಂತೆ ಮಾಹಿತಿಯ ಗೌಪ್ಯತೆಯನ್ನು ಕಾಪಾಡತಕ್ಕದ್ದು. ಪ್ರಕರಣ 18ರಂತೆ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಔಷಧಿಗಳನ್ನು ಸಮುದಾಯ ಆರೋಗ್ಯ ಕೇಂದ್ರ ಹಾಗೂ ಮೇಲ್ಪಟ್ಟ ಸರ್ಕಾರಿ ಸಂಸ್ಥೆಗಳಲ್ಲಿ ಉಚಿತವಾಗಿ ಒದಗಿಸಬೇಕು. ಔಷಧಿ ಬದಲಾದಲ್ಲಿ ಹೊಸ ಔಷಧಿಯು ಉಚಿತವಾಗಿ ದೊರೆಯುವುದೇ ಎಂದು ಅದೇ ಭೇಟಿಯಲ್ಲಿ ವಿಚಾರಿಸಿಕೊಳ್ಳುವುದು ಸೂಕ್ತ. ಸೇವೆಯಲ್ಲಿ ಲೋಪವಾದಲ್ಲಿ ಪ್ರಕರಣ 28ರಡಿ ದೂರು ಸಲ್ಲಿಸಬಹುದಾಗಿದೆ.

8. ಸಂಪರ್ಕಿಸುವ ವಿಧಾನ

ತಣಿಸಂದ್ರ, ಹೆಗಡೆನಗರ, ನಾಗವಾರ ಸುತ್ತಮುತ್ತಲಿನ ನಾಗರಿಕರು ಮೊದಲಿಗೆ ಔಷಧಿ ಬರೆದುಕೊಟ್ಟ ವೈದ್ಯರನ್ನೇ ಕಾಣತಕ್ಕದ್ದು. ತುರ್ತು ಸಲಹೆಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416 ಕ್ಕೆ ದಿನದ 24 ಗಂಟೆಯೂ ಕರೆ ಮಾಡಬಹುದು. ಕನ್ನಡದಲ್ಲಿ ಮಾತನಾಡಲು ಅವಕಾಶವಿದೆ. ಭೇಟಿಯ ಸಮಯದಲ್ಲಿ ಹಳೆಯ ಚೀಟಿಗಳು, ಸೇವಿಸುತ್ತಿರುವ ಎಲ್ಲಾ ಮಾತ್ರೆಗಳ ಪಟ್ಟಿ ಹಾಗೂ ಮುಟ್ಟಿನ ದಿನಾಂಕಗಳನ್ನು ಬರೆದು ತರುವುದು. ವೈದ್ಯರ ಎದುರು ಹೇಳಲು ಸಂಕೋಚವಾದಲ್ಲಿ ತೊಂದರೆಯನ್ನು ಚೀಟಿಯಲ್ಲಿ ಬರೆದು ನೀಡಿದರೂ ಸಾಕು.

ವಿಶೇಷ ಸೂಚನೆ: ಯಾವುದೇ ಕಾರಣಕ್ಕೂ ಔಷಧಿಯನ್ನು ತಾವಾಗಿಯೇ ನಿಲ್ಲಿಸಬಾರದು, ಕಡಿಮೆ ಮಾಡಬಾರದು. ಪ್ರಮಾಣ ತಗ್ಗಿಸುವುದು, ಔಷಧಿ ಬದಲಿಸುವುದು ಅಥವಾ ಮತ್ತೊಂದನ್ನು ಸೇರಿಸುವುದು ಮುಂತಾದ ಪರಿಹಾರಗಳು ವೈದ್ಯರ ಬಳಿ ಇದ್ದು, ಬಹುತೇಕ ಸಂದರ್ಭಗಳಲ್ಲಿ ಈ ತೊಂದರೆಯನ್ನು ಸರಿಪಡಿಸಬಹುದಾಗಿದೆ. ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ಇದ್ದು, ವೈದ್ಯಕೀಯ ಸಲಹೆಗೆ ಬದಲಿಯಾಗಿರುವುದಿಲ್ಲ.